ಕೊರಳಲ್ಲಿ ಕಾರ್ಡು, ಕೈಯಲ್ಲಿ ಕ್ಯಾಮೆರಾ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಕ್ಯಾಮೆರಾ ಹಿಡಿದು ತಿರುಗುವವರಿಗೆ ವಿಷಯದ ಬರವಿಲ್ಲ. ತಾರಕೇಶ್ವರನ ಗುಡಿ ಇದೆ, ಬಂಕಾಪುರದ ಕೋಟೆಯಲ್ಲಿ ನವಿಲಿವೆ, ಸವಣೂರಿನ ಮಠದಲ್ಲಿ ಆಫ್ರಿಕಾ ಮೂಲದ ದೈತ್ಯ ಹುಣಸೆಗಳಿವೆ, ದೀಪಾವಳಿ ಕಳೆದರೆ ಊರೂರಿಗೆ ಹೋರಿ ಹಬ್ಬ. ಕಷ್ಟವಾಗುವುದು ಒಂದೇ ಪ್ರಶ್ನೆ: ‘ಯಾರ್ರೀ ನೀವು? ಎದಕ್ಕ ಫೋಟೋ ಹೊಡಿಯಾಕತ್ತೀರಿ?’

ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರನ್ನು ಯಾರೂ ಹೀಗೆ ಕೇಳುವುದಿಲ್ಲ. ವರದಿಗಾರರು ‘ಪೇಪರ್‌ನಾವ್ರು’ ಎಂದರೆ ಮುಗಿಯಿತು. ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ಹೊರಡುವ ಬ್ಯಾಂಕ್ ಗುಮಾಸ್ತ, ಹೈಸ್ಕೂಲ್ ಮಾಸ್ತರ, ಗೊಬ್ಬರದ ಅಂಗಡಿಯವರು ‘ಸುಮ್ನ, ಹವ್ಯಾಸಕ್ಕ ರೀ’ ಎಂದರೆ ಮಾತ್ರ ಎದುರಿನವರ ಹುಬ್ಬು ಇನ್ನಷ್ಟು ಮೇಲೇರುತ್ತದೆ. ಲಕ್ಷ ರೂಪಾಯಿಯ ಲೆನ್ಸ್ ಹೊತ್ತವನು ಸುಮ್ಮನೆ ಬಂದಾನೆಂದು ನಂಬುವುದು ಯಾರಿಗಾದರೂ ಕಷ್ಟವೇ. ಈ ಮುಜುಗರಕ್ಕೆ ಮದ್ದಾಗಿ ಬಂದದ್ದು ಸಂಘದ ಸದಸ್ಯತ್ವ ಕಾರ್ಡು: ನಿಮ್ಮ ಫೋಟೋ, ಒಂದು ಮುದ್ರೆ, ಒಂದು ಸಹಿ, ಕೊರಳಿಗೆ ಪಟ್ಟಿ. ಅದನ್ನು ಪಡೆದವರಲ್ಲಿ ಅದರ ಬಗ್ಗೆ ಕೆಲವು ನಂಬಿಕೆಗಳೂ ಬೆಳೆದಿವೆ.

ತಪ್ಪು ಕಲ್ಪನೆ: ಕಾರ್ಡ್ ತೋರಿಸಿದರೆ ಸಂರಕ್ಷಿತ ಸ್ಮಾರಕದಲ್ಲಿ ಫೋಟೋ ತೆಗೆಯಲು ಬಿಡುತ್ತಾರೆ.

ವಾಸ್ತವ: ಕಾರ್ಡ್ ಇಲ್ಲದಿದ್ದರೂ ಬಿಡುತ್ತಾರೆ. ಹಾನಗಲ್ಲಿನ ತಾರಕೇಶ್ವರ ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತಕ್ಕೆ ಸೇರಿದ ಸ್ಮಾರಕ. ಇಲ್ಲಿ ನಡೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರಡಿಯ 1959ರ ನಿಯಮಗಳು. 2018ರ ಜುಲೈನಲ್ಲಿ ಇಲಾಖೆ ತನ್ನ ಸ್ಮಾರಕಗಳಲ್ಲಿ ಛಾಯಾಗ್ರಹಣಕ್ಕಿದ್ದ ನಿರ್ಬಂಧವನ್ನು ಸಡಿಲಿಸಿತು. ಆಗ ಹೊರಗುಳಿದದ್ದು ಮೂರೇ: ಅಜಂತಾ ಗುಹೆಗಳು, ಲೇಹ್ ಅರಮನೆ, ತಾಜ್ ಮಹಲಿನೊಳಗಿನ ಗೋರಿಯ ಕೋಣೆ. ಹಾನಗಲ್ಲ ಆ ಪಟ್ಟಿಯಲ್ಲಿಲ್ಲ. ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಯಾವ ಸಂಘದ ಶಿಫಾರಸೂ ಬೇಕಿಲ್ಲ.

ತಕರಾರು ಬರುವುದು ಟ್ರೈಪಾಡ್ ಬಿಚ್ಚಿದಾಗ. ಅದಕ್ಕೆ, ವೃತ್ತಿಪರ ಚಿತ್ರೀಕರಣಕ್ಕೆ ಮತ್ತು ಕೃತಕ ಬೆಳಕಿಗೆ ಇಲಾಖೆಯ ಲಿಖಿತ ಅನುಮತಿ ಬೇಕು. ಸ್ಥಳದಲ್ಲಿರುವ ಕಾವಲುಗಾರರಿಗೆ ಅದನ್ನು ಕೊಡುವ ಅಧಿಕಾರವಿಲ್ಲ. ನೀವು ಎಷ್ಟು ದೊಡ್ಡ ಸಂಸ್ಥೆಯ ಸದಸ್ಯರೆಂದು ಅವರೆದುರು ವಾದಿಸಿದರೆ, ಅವರ ಕೈಯಲ್ಲಿಲ್ಲದ್ದನ್ನು ಅವರಿಂದ ಕೇಳಿದಂತಾಗುತ್ತದೆ. ಸ್ಮಾರಕದ ಸುತ್ತಲಿನ 100 ಮೀಟರ್ ‘ನಿಷೇಧಿತ ಪ್ರದೇಶ’ ಎಂಬ ಫಲಕ ಕಂಡು ಕ್ಯಾಮೆರಾ ಒಳಗಿಡುವವರೂ ಇದ್ದಾರೆ. ಆ ನಿಷೇಧ ಕಟ್ಟಡ ಕಟ್ಟುವುದಕ್ಕೆ, ಫೋಟೋಕ್ಕಲ್ಲ.

ತಾರಕೇಶ್ವರದಲ್ಲಿ ಟ್ರೈಪಾಡ್ ಬಿಚ್ಚುವ ಆಸೆ ಹುಟ್ಟುವುದಕ್ಕೆ ಕಾರಣವೂ ಇದೆ. ಸಭಾಮಂಟಪದ ನೆತ್ತಿಯಲ್ಲಿ ಬಿರಿದ ತಾವರೆಯಂಥ ವಿಶಾಲ ಛಾವಣಿ, ಕೆಳಗೆ ಕಡೆದು ಹೊಳಪು ಕೊಟ್ಟ ಬಳಪದ ಕಲ್ಲಿನ ಕಂಬಗಳು, ಒಳಗೆ ಮಬ್ಬು. ಕೈಯಲ್ಲಿ ಹಿಡಿದು ತೆಗೆದರೆ ಚಿತ್ರ ಅಲುಗುತ್ತದೆ. ಇದಕ್ಕೆ ಹಳಬರು ಬಳಸುವ ಉಪಾಯವೊಂದಿದೆ. ಮಡಿಚಿದ ಟವೆಲ್ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಅಗಲ ನೋಟದ ಲೆನ್ಸ್ ಹಾಕಿ, ಎರಡು ಸೆಕೆಂಡಿನ ಟೈಮರ್ ಒತ್ತಿ ಪಕ್ಕಕ್ಕೆ ಸರಿದು ನಿಲ್ಲುವುದು. ಛಾವಣಿ ಮೇಲಿದೆ, ಕ್ಯಾಮೆರಾ ನೆಲದಲ್ಲಿದೆ, ಅಲುಗುವುದಕ್ಕೆ ನಡುವೆ ಏನೂ ಇಲ್ಲ. ಐಎಸ್‌ಒ 100ರಲ್ಲೇ ತಾವರೆಯ ಎಸಳೆಸಳೂ ಬರುತ್ತದೆ. ಕಂಬಕ್ಕೆ ಮಾತ್ರ ಒರಗಬೇಡಿ.

ಪೂಜೆ ನಡೆಯುವ ಗುಡಿಗಳ ದಾರಿ ಬೇರೆ. ಗರ್ಭಗುಡಿಯ ಫೋಟೋ ಅರ್ಚಕರ ಮತ್ತು ಆಡಳಿತ ಮಂಡಳಿಯವರ ಮಾತಿಗೆ ಬಿಟ್ಟದ್ದು. ಮುಜರಾಯಿ ಇಲಾಖೆ 2023ರ ಜುಲೈನಲ್ಲಿ ತನ್ನ ವ್ಯಾಪ್ತಿಯ ದೇವಾಲಯಗಳೊಳಗೆ ಮೊಬೈಲ್ ಬಳಕೆಯನ್ನೇ ನಿಷೇಧಿಸಿ ಸುತ್ತೋಲೆ ಹೊರಡಿಸಿತು. ಸದಸ್ಯತ್ವ ಇದ್ದವರಿಗೆ ವಿನಾಯಿತಿ ಎಂಬ ಸಾಲು ಅದರಲ್ಲಿಲ್ಲ.

ತಪ್ಪು ಕಲ್ಪನೆ: ಕಾರ್ಡ್ ಇದ್ದರೆ ಪೊಲೀಸರು ಮುಟ್ಟುವುದಿಲ್ಲ.

ವಾಸ್ತವ: ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯುವುದನ್ನೇ ಸಾರಾಸಗಟಾಗಿ ಅಪರಾಧವೆನ್ನುವ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಸವಣೂರಿನ ಸಂತೆಯಲ್ಲಿ ವೀಳ್ಯದೆಲೆ ರಾಶಿಯ ಚಿತ್ರ ತೆಗೆಯಲು ಯಾವ ರಕ್ಷಣೆಯೂ ಬೇಕಿಲ್ಲ. ಅಪರಾಧವಾಗುವ ಸಂದರ್ಭಗಳಲ್ಲಿ ಯಾವ ಕಾರ್ಡೂ ರಕ್ಷಿಸದು. ಹೆಣ್ಣುಮಕ್ಕಳ ಖಾಸಗಿ ಕ್ಷಣವನ್ನು ಕದ್ದು ಚಿತ್ರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ. ಪ್ರಕರಣವೊಂದರಲ್ಲಿ ಸಿಲುಕಿದ ಮಗುವಿನ ಗುರುತು ಬಯಲಾಗುವ ಚಿತ್ರ ಪ್ರಕಟಿಸಿದರೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಇದೆ. ನಿಷೇಧಿತ ಸ್ಥಳಗಳ ವಿಷಯಕ್ಕೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ.

ಪೊಲೀಸರು ಗುರುತು ಕೇಳಿದಾಗ ಅವರಿಗೆ ಬೇಕಾದದ್ದು ಹೆಸರು, ವಿಳಾಸ. ಅದನ್ನು ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿ, ಆಧಾರ್ ಹೇಳುತ್ತವೆ. ಸಂಘದ ಕಾರ್ಡು ಖಾಸಗಿ ಸಂಸ್ಥೆಯೊಂದು ‘ಇವರು ನಮ್ಮವರು’ ಎಂದು ಹೇಳುವ ಮಾತು, ಅಷ್ಟೇ. ಪೇದೆಯೊಬ್ಬರು ಅದನ್ನು ನೋಡಿ ಮುಗುಳ್ನಕ್ಕು ಕಳಿಸಿದರೆ ಅದು ಅವರ ಸೌಜನ್ಯ.

ಕೆಲವು ಕಾರ್ಡುಗಳು ರಕ್ಷಿಸುವ ಬದಲು ಸಿಕ್ಕಿಸುತ್ತವೆ. ಮೂರು ಸಿಂಹದ ಲಾಂಛನ, ಕೆಂಪು ಅಕ್ಷರದಲ್ಲಿ ‘ಪ್ರೆಸ್’, ‘ರಾಷ್ಟ್ರೀಯ’ ಎಂದು ಶುರುವಾಗುವ ಉದ್ದನೆಯ ಹೆಸರು, ಹಿಂಬದಿಯಲ್ಲಿ ‘ಅಧಿಕಾರಿಗಳು ಸಹಕರಿಸಬೇಕು’ ಎಂಬ ಅಪ್ಪಣೆ. ರಾಷ್ಟ್ರಲಾಂಛನವನ್ನು ಖಾಸಗಿಯವರು ಹೀಗೆ ಬಳಸುವುದು 2005ರ ಕಾಯ್ದೆಯ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಸಜೆಗೂ ಅವಕಾಶವಿದೆ. ಸರ್ಕಾರಿ ನೌಕರನೆಂದು ನಟಿಸುವುದಕ್ಕೆ, ನೌಕರನ ಗುರುತಿನಂಥ ವಸ್ತು ಧರಿಸಿ ಮೋಸಗೊಳಿಸುವುದಕ್ಕೆ ನ್ಯಾಯ ಸಂಹಿತೆಯಲ್ಲಿ 204 ಮತ್ತು 205ನೇ ಕಲಂಗಳಿವೆ. ಪತ್ರಕರ್ತರಿಗೆ ಮಾನ್ಯತೆ ಕೊಡುವುದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಕಾರ್ಡ್ ಮುದ್ರಿಸುವ ಅಂಗಡಿಯಲ್ಲ. ಹವ್ಯಾಸಿಗೆ ‘ಪ್ರೆಸ್’ ಎಂಬ ಸ್ಟಿಕ್ಕರ್ ಎಷ್ಟು ದೂರವಿದ್ದರೆ ಅಷ್ಟು ಕ್ಷೇಮ.

ತಪ್ಪು ಕಲ್ಪನೆ: ವನ್ಯಜೀವಿ ಛಾಯಾಗ್ರಾಹಕರ ಕ್ಲಬ್ಬಿನ ಕಾರ್ಡ್ ಇದ್ದರೆ ಬಂಕಾಪುರದ ನವಿಲುಧಾಮದಲ್ಲಿ ಎಲ್ಲೆಂದರಲ್ಲಿ ತಿರುಗಬಹುದು.

ವಾಸ್ತವ: ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೆ ಸುಮಾರು 139 ಎಕರೆಯಲ್ಲಿರುವ ನವಿಲುಧಾಮಕ್ಕೆ ಆ ಮನ್ನಣೆ ಸಿಕ್ಕಿದ್ದು 2006ರಲ್ಲಿ. ಅಲ್ಲೇ ಪಶುಸಂಗೋಪನಾ ಇಲಾಖೆಯ ಖಿಲಾರಿ ದನಗಳ ತಳಿ ಕೇಂದ್ರವಿದೆ. ಅಲ್ಲೇ ಜನ ‘ಅರವತ್ತು ಕಂಬದ ಗುಡಿ’ ಎನ್ನುವ ನಗರೇಶ್ವರ ದೇವಾಲಯ, ಅದು ಪುರಾತತ್ವ ಇಲಾಖೆಯದು. ಒಂದೇ ಕೋಟೆಯೊಳಗೆ ದನದ್ದೊಂದು ಇಲಾಖೆ, ನವಿಲಿನದೊಂದು, ಕಲ್ಲಿನದೊಂದು. ಈ ಮೂರರಲ್ಲಿ ಯಾವುದೂ ಛಾಯಾಗ್ರಾಹಕರ ಸಂಘದ ಮಾತು ಕೇಳಿ ನಡೆಯುವುದಿಲ್ಲ. (ಕೊಪ್ಪಳ ಜಿಲ್ಲೆಯಲ್ಲೂ ಒಂದು ಬಂಕಾಪುರವಿದೆ, ಅದು ತೋಳಗಳದ್ದು. ಎರಡನ್ನೂ ಬೆರೆಸಿ ನಮ್ಮ ಬಂಕಾಪುರಕ್ಕೆ ತೋಳ ಹುಡುಕಿಕೊಂಡು ಬಂದವರಿಗೆ ನವಿಲಂತೂ ಸಿಗುತ್ತದೆ.)

ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಜೀವಿ. ಗರಿ ಬಿಚ್ಚಿ ಕುಣಿಯುವುದು ಮಳೆಗಾಲದಲ್ಲಿ. ಹೆಣ್ಣು ನವಿಲು ಪೊದೆಯಡಿ ನೆಲದಲ್ಲಿ ಮೊಟ್ಟೆಯಿಡುವುದೂ ಅದೇ ಹೊತ್ತಿಗೆ. ಚಂದದ ಕುಣಿತದ ಬೆನ್ನುಹತ್ತಿ ಪೊದೆಗೆ ನುಗ್ಗಿದವರ ಬೂಟಿನಡಿ ಏನಿದ್ದೀತು ಎಂದು ಯೋಚಿಸಿದರೆ, ಕಾಲುದಾರಿ ಬಿಟ್ಟಿಳಿಯಬಾರದೆನ್ನುವ ಸಿಬ್ಬಂದಿಯ ಮಾತು ಕಿರಿಕಿರಿ ಅನ್ನಿಸುವುದಿಲ್ಲ. ಮೊಬೈಲಿನಲ್ಲಿ ನವಿಲಿನ ಕೂಗು ಹಾಕಿ ಕರೆಯುವ ಚಾಳಿ ಇನ್ನೂ ಕೆಟ್ಟದ್ದು.

ಅಭಯಾರಣ್ಯಗಳ ಮಟ್ಟಿಗೆ ಕಾನೂನು ಇನ್ನೂ ಸ್ಪಷ್ಟ. ಅದೇ ಕಾಯ್ದೆಯ 28ನೇ ಕಲಂ, ಒಳಹೋಗಲು ಅನುಮತಿ ಕೊಡಬಹುದಾದ ಕಾರಣಗಳಲ್ಲಿ ಛಾಯಾಗ್ರಹಣವನ್ನು ಹೆಸರಿಸಿಯೇ ಹೇಳುತ್ತದೆ. ಕೊಡುವವರು ಮುಖ್ಯ ವನ್ಯಜೀವಿ ಪರಿಪಾಲಕರು. ಕ್ಲಬ್ಬಿನ ಲೆಟರ್‌ಹೆಡ್ ಅರ್ಜಿಯ ಜೊತೆ ಲಗತ್ತಿಸಲು ಆದೀತು.

ತಪ್ಪು ಕಲ್ಪನೆ: ಹಳ್ಳಿಯವರ ಅನುಮಾನಕ್ಕೆ ಕಾರ್ಡೇ ಉತ್ತರ.

ವಾಸ್ತವ: ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. 2018ರಲ್ಲಿ ಮಕ್ಕಳ ಕಳ್ಳರ ಸುಳ್ಳುಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ದಿನಗಳು ನೆನಪಿರಬಹುದು. ಆ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹುಟ್ಟಿದ ಗುಮಾನಿಯಲ್ಲಿ ಗುಂಪು ಒಬ್ಬ ಯುವಕನ ಜೀವ ತೆಗೆಯಿತು. ಕಾರಿನಲ್ಲಿ ಬಂದಿದ್ದ ಆ ಯುವಕ ಓದಿದವನು, ಕೆಲಸದಲ್ಲಿದ್ದವನು. ಗುಂಪು ಕಾಗದ ಓದುವುದಿಲ್ಲ. ಪರಊರಿನ ಮಕ್ಕಳ ಫೋಟೋ ತೆಗೆಯುವ ಮೊದಲು ಈ ಘಟನೆಯನ್ನು ಒಮ್ಮೆ ನೆನೆಯುವುದು ಒಳಿತು.

ಗುರುತು ದೊಡ್ಡದಾಗಿ ಕಂಡರೂ ಕಷ್ಟ. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಅವರನ್ನು 1997ರ ಅಕ್ಟೋಬರಿನಲ್ಲಿ ವೀರಪ್ಪನ್ ಅಪಹರಿಸಿ 14 ದಿನ ಕಾಡಿನಲ್ಲಿಟ್ಟುಕೊಂಡಿದ್ದ. ಇವರು ಸರ್ಕಾರದ ದೊಡ್ಡ ಕುಳಗಳೆಂದು ಅವನು ತಪ್ಪು ತಿಳಿದಿದ್ದ. ಹಾನಗಲ್ಲಿನ ಗದ್ದೆಬದುವಿನಲ್ಲಿ ವೀರಪ್ಪನ್ ಸಿಗುವುದಿಲ್ಲ, ನಿಜ. ಆದರೆ ಕೊರಳಪಟ್ಟಿ ತೊಟ್ಟು, ಉದ್ದ ಲೆನ್ಸ್ ಹಿಡಿದು ಹೊಲದ ಅಂಚಿನಲ್ಲಿ ನಿಂತವರನ್ನು ಕಂಡರೆ ರೈತರ ತಲೆಯಲ್ಲಿ ಮೊದಲು ಮೂಡುವುದು ಸರ್ವೆ, ರಸ್ತೆ ಅಗಲೀಕರಣ, ಭೂಸ್ವಾಧೀನ. ‘ನಮ್ಮ ಹೊಲದಾಗ ಏನರ ಅಳತಿ ನಡದೈತೇನ್ರಿ?’ ಎಂಬ ಪ್ರಶ್ನೆಗೆ ಕಾರ್ಡ್ ತೋರಿಸಿದರೆ ಅನುಮಾನ ಗಟ್ಟಿಯಾಗುತ್ತದೆ.

ಇಲ್ಲಿ ಕೆಲಸ ಮಾಡುವುದು ಪರಿಚಯ. ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ, ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆಯ ಶಿಲ್ಪ ನೋಡಲು ಹೋದರೆ ಮೊದಲು ಚಹಾದಂಗಡಿಯಲ್ಲಿ ಕೂರಿ. ಬ್ಯಾಗು ಬಿಚ್ಚಬೇಡಿ. ಗುಡಿಯ ಬಾಗಿಲು ಯಾರು ತೆಗೆಯುತ್ತಾರೆ, ಪೂಜಾರಿ ಮನೆ ಎಲ್ಲಿ ಎಂದು ಕೇಳಿ. ‘ಯಾವೂರಾತು? ಯಾರ ಪೈಕಿ?’ ಎಂಬ ವಿಚಾರಣೆಗೆ ನೇರವಾಗಿ ಉತ್ತರಿಸಿ. ನಿಮ್ಮ ಊರಿನಲ್ಲಿ ಅವರಿಗೆ ಬೀಗರೋ ದಲ್ಲಾಳಿಯೋ ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ. ಆಮೇಲೆ ಯಾರೋ ಒಬ್ಬ ಹುಡುಗನನ್ನು ನಿಮ್ಮ ಜೊತೆ ಕಳಿಸುತ್ತಾರೆ. ಆ ಹುಡುಗ ಪಕ್ಕದಲ್ಲಿರುವಷ್ಟು ಹೊತ್ತು ಊರಿನಲ್ಲಿ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ಸವಣೂರಿನ ದೊಡ್ಡಹುಣಸೆ ಮಠದಲ್ಲೂ ಅಷ್ಟೆ. ಆ ಮರಗಳು ಇರುವುದು ಮಠದ ಅಂಗಳದಲ್ಲಿ. ಒಳಗೆ ಹೋಗಿ ಇರುವವರಿಗೆ ನಮಸ್ಕಾರ ಹೇಳಿ, ‘ಮರದ ಫೋಟೋ ತಗೋಬಹುದೇನ್ರಿ’ ಎಂದರೆ ಸಾಕು.

ಹೋದ ಸಲ ತೆಗೆದ ಚಿತ್ರದ ಪ್ರಿಂಟನ್ನು ಮರೆಯದೆ ಒಯ್ದು ಕೊಡುವವರಿಗೆ ಎರಡನೇ ಸಲ ಪರಿಚಯದ ಅಗತ್ಯವೇ ಬೀಳುವುದಿಲ್ಲ. ಶಿಗ್ಗಾವಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಕಸೂತಿ ಬಟ್ಟೆ ತೊಟ್ಟ ಅಜ್ಜಿಯರನ್ನು ತೆಗೆದುಕೊಂಡು ಹೋದವರು ಬಹಳ, ತಂದುಕೊಟ್ಟವರು ಕಡಿಮೆ. ‘ತಕ್ಕೊಂಡ ಹೋಗ್ತೀರಿ, ಕೊಡಂಗಿಲ್ಲ’ ಎಂಬ ಅವರ ದೂರಿಗೆ ಯಾವ ಸಂಘದ ಮುದ್ರೆಯೂ ಸಮಾಧಾನ ಹೇಳಲಾರದು.

ತಪ್ಪು ಕಲ್ಪನೆ: ಹೋರಿ ಹಬ್ಬದಲ್ಲಿ ಕಾರ್ಡ್ ಇದ್ದರೆ ಬೇಲಿಯೊಳಗೆ ಬಿಡುತ್ತಾರೆ, ಹೆಚ್ಚುಕಡಿಮೆಯಾದರೆ ವಿಮೆಯೂ ಸಿಗುತ್ತದೆ.

ವಾಸ್ತವ: ಕೊಬ್ಬರಿ ಸರ ಕಟ್ಟಿಸಿಕೊಂಡು, ಬಲೂನು ರಿಬ್ಬನ್ ತೊಟ್ಟು, ಜನರ ಸಾಲಿನ ನಡುವೆ ಹೋರಿ ನುಗ್ಗಿ ಬರುವ ಕ್ಷಣ ಯಾವ ಛಾಯಾಗ್ರಾಹಕರಿಗೂ ಬಿಡಲಾಗದ ಆಸೆ. ಈ ಭಾಗದಲ್ಲಿ ಹೋರಿ ಬೆದರಿಸುವಾಗ ಆಡುವವರಷ್ಟೇ ಅಲ್ಲ, ನೋಡಲು ನಿಂತವರೂ ತಿವಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಒಳಗೆ ಬಿಡುವುದು ಬಿಡದಿರುವುದು ಸಂಘಟಕರದ್ದು, ಸ್ಪರ್ಧೆ ನಡೆಸಲು ಬಿಡುವುದು ಬಿಡದಿರುವುದು ಆಡಳಿತದ್ದು. ಸಂಘಟಕರು ಆ ದಿನಕ್ಕೆ ಕೊಡುವ ಪಾಸಿಗಷ್ಟೇ ಅಲ್ಲಿ ಬೆಲೆ.

ವಿಮೆಯ ವಿಷಯ ಕೇಳಿಯೇ ತಿಳಿಯಬೇಕು. ಸಂಘ ಗುಂಪು ಅಪಘಾತ ವಿಮೆ ಮಾಡಿಸಿದ್ದರೆ ಪಾಲಿಸಿ ಸಂಖ್ಯೆ ಇರುತ್ತದೆ, ಕಂಪನಿಯ ಹೆಸರಿರುತ್ತದೆ, ಯಾವ ಯಾವ ಅಪಾಯಗಳು ಹೊರಗೆ ಎಂಬ ಪಟ್ಟಿಯೂ ಇರುತ್ತದೆ. ತಾನಾಗಿ ಅಪಾಯಕ್ಕೆ ಒಡ್ಡಿಕೊಂಡದ್ದು ಆ ಪಟ್ಟಿಯಲ್ಲಿದೆಯೇ ನೋಡಿ. ಪಾಲಿಸಿ ಸಂಖ್ಯೆ ಹೇಳಲಾಗದಿದ್ದರೆ ‘ವಿಮಾ ಸೌಲಭ್ಯವಿದೆ’ ಎಂಬ ಮಾತನ್ನು ಅಲ್ಲಿಗೇ ಬಿಡಿ. ಇನ್ನೊಂದು ಮಾತು: ಅಖಾಡದ ಹತ್ತಿರ ಕೊರಳಪಟ್ಟಿ ತೊಡಬೇಡಿ. ಎಳೆದರೆ ಬಿಚ್ಚಿಕೊಳ್ಳದ ಪಟ್ಟಿ ನೂಕುನುಗ್ಗಲಿನಲ್ಲಿ ಕುತ್ತಿಗೆಗೆ ಉರುಳು.

ತಪ್ಪು ಕಲ್ಪನೆ: ಕ್ಲಬ್ ಕೊಡುವ ‘ಡ್ರೋನ್ ಪೈಲಟ್’ ಕಾರ್ಡಿನಿಂದ ಎಲ್ಲಿ ಬೇಕಾದರೂ ಹಾರಿಸಬಹುದು.

ವಾಸ್ತವ: 2021ರ ಡ್ರೋನ್ ನಿಯಮಗಳ ಪ್ರಕಾರ ಯಂತ್ರಕ್ಕೆ ನೋಂದಣಿ ಸಂಖ್ಯೆ ಬೇಕು. 250 ಗ್ರಾಂ ಒಳಗಿನದಕ್ಕೆ, ಹಾಗೂ ವಾಣಿಜ್ಯೇತರವಾಗಿ ಹಾರಿಸುವ 2 ಕಿಲೋವರೆಗಿನದಕ್ಕೆ ಪೈಲಟ್ ಪ್ರಮಾಣಪತ್ರವೇ ಬೇಕಿಲ್ಲ. ಅದಕ್ಕೂ ಮೀರಿದ್ದಕ್ಕೆ ಬೇಕಾದದ್ದು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ್ದು. ಅಂದರೆ ಕ್ಲಬ್ಬಿನ ಕಾರ್ಡಿಗೆ ಎರಡೂ ಕಡೆ ಕೆಲಸವಿಲ್ಲ. ಮಳೆಗಾಲದಲ್ಲಿ ಮದಗ-ಮಾಸೂರು ಕೆರೆಯ ಮೇಲೆ ಹಾರಿಸುವ ಮುನ್ನ ಆ ಜಾಗ ಡ್ರೋನ್ ವಲಯಗಳ ನಕ್ಷೆಯಲ್ಲಿ ಹಸಿರು ವಲಯವೇ ನೋಡಿ. ಹಸಿರಾದರೂ ಮಿತಿ 400 ಅಡಿ.

ತಪ್ಪು ಕಲ್ಪನೆ: ಸದಸ್ಯರಾಗಿದ್ದರೆ ಮಾತ್ರ ಚಿತ್ರದ ಮೇಲೆ ಹಕ್ಕು.

ವಾಸ್ತವ: ಬಟನ್ ಒತ್ತಿದ ಕ್ಷಣಕ್ಕೇ ಹಕ್ಕು ಹುಟ್ಟುತ್ತದೆ, ಅದು ತೆಗೆದವರದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ನಂತರವೂ 60 ವರ್ಷ ಉಳಿಯುತ್ತದೆ. ಹಣ ಕೊಟ್ಟು ತೆಗೆಸಿದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರದ್ದು. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಂಥ ಕಡೆ ಇನ್ನೊಂದು ಅಳುಕು: ಅಲ್ಲಿರುವುದು ಕಲಾವಿದರಾದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ಶಿಲ್ಪಗಳು, ಚಿತ್ರ ತೆಗೆದರೆ ಅವರ ಹಕ್ಕಿಗೆ ಚ್ಯುತಿಯೇ? ಜನರಿಗೆ ಪ್ರವೇಶವಿರುವ ಜಾಗದಲ್ಲಿ ಕಾಯಂ ಆಗಿ ನಿಲ್ಲಿಸಿದ ಶಿಲ್ಪದ ಫೋಟೋಕ್ಕೆ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಟ್ಟಿದೆ. ಆದರೆ ಖಾಸಗಿ ಜಾಗಕ್ಕೆ ಒಳಗೆ ಬಿಡುವಾಗ ಷರತ್ತು ಹಾಕುವ ಹಕ್ಕು ಆ ಜಾಗದವರಿಗಿದೆ. ಟಿಕೆಟ್ ಕೌಂಟರಿನಲ್ಲಿ ಕೇಳಿಬಿಡಿ.

ತಪ್ಪು ಕಲ್ಪನೆ: ಹಾಗಾದರೆ ಕಾರ್ಡು ದಂಡ.

ವಾಸ್ತವ: ಹಾಗೂ ಅಲ್ಲ. ಕಾರ್ಡಿನ ಹಿಂದೆ ಇರುವ ಸಂಸ್ಥೆ ಏನು ಮಾಡುತ್ತದೆ ಎಂಬುದರ ಮೇಲೆ ಅದರ ಬೆಲೆ. ತಾಲ್ಲೂಕುಗಳ ಫೋಟೋಗ್ರಾಫರ್ ಸಂಘಗಳು ಮುಖ್ಯವಾಗಿ ಸ್ಟುಡಿಯೋ ವೃತ್ತಿಯವರದ್ದು. ದರದ ಪೈಪೋಟಿ, ಬಾಕಿ ವಸೂಲಿ, ಸದಸ್ಯರ ಕಷ್ಟಕ್ಕೆ ನೆರವು, ಆಗಸ್ಟ್ 19ರ ಛಾಯಾಗ್ರಹಣ ದಿನಾಚರಣೆ ಅವರ ಕಾಳಜಿ. ಅವರಿಗೆ ಆ ಕಾರ್ಡು ಹೊಟ್ಟೆಪಾಡಿನ ಗುರುತು. ಸಂಬಳದ ಕೆಲಸವಿರುವ ಹವ್ಯಾಸಿ ಅದೇ ಕಾರ್ಡ್ ಪಡೆದು ಭಾನುವಾರದ ಮದುವೆಯನ್ನು ಅರ್ಧ ಬೆಲೆಗೆ ಒಪ್ಪಿಕೊಂಡರೆ ಸಂಘದವರು ಸಿಟ್ಟಾಗುವುದು ಸಹಜ.

ಹವ್ಯಾಸಿಗಳ ಸಂಸ್ಥೆಗಳ ಪರಂಪರೆ ಬೇರೆ. ಲಂಡನ್ನಿನಲ್ಲಿ ಹುಟ್ಟಿದ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ 1853ರದ್ದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಭಾರತದ ಕ್ಲಬ್ಬುಗಳ ಒಕ್ಕೂಟವಾದ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ 1953ರದ್ದು, ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್ 1950ರದ್ದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಹೆಸರಾದದ್ದು ಇಂಥ ಸಂಸ್ಥೆಗಳ ಪ್ರದರ್ಶನ, ಸ್ಪರ್ಧೆಗಳ ಲೋಕದಲ್ಲಿ. ಅಲ್ಲಿ ಸದಸ್ಯರಿಗೆ ಸಿಗುವುದು ತಮಗಿಂತ ಚೆನ್ನಾಗಿ ನೋಡಬಲ್ಲವರ ಟೀಕೆ. ನಾಲ್ಕು ಜನ ಬಲ್ಲವರು ‘ಇಲ್ಲಿ ಬೆಳಕು ಸತ್ತಿದೆ, ಈ ಕೊಂಬೆ ಯಾಕೆ ಬೇಕಿತ್ತು’ ಎನ್ನುವುದನ್ನು ಕೇಳಿಸಿಕೊಂಡರೆ ಆ ವರ್ಷದ ಚಂದಾ ಸಂದಾಯವಾದಂತೆ.

ದಾಖಲೆಯ ಕೆಲಸವೂ ಕ್ಲಬ್ಬಿನಿಂದ ಚೆನ್ನಾಗಿ ಆಗುತ್ತದೆ. ಸವಣೂರಿನ ಮೂರು ದೊಡ್ಡಹುಣಸೆಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಅದಕ್ಕೂ ಮೊದಲು ಆ ಮರ ಯಾವ ತಿಂಗಳು ಎಲೆ ಬಿಟ್ಟಿತ್ತು, ಬಿರುಕು ಯಾವ ಮಗ್ಗುಲಲ್ಲಿತ್ತು ಎಂದು ತೋರಿಸುವ ಚಿತ್ರಗಳು ಸಸ್ಯಶಾಸ್ತ್ರದವರಿಗೆ ಬೇಕಾಗುತ್ತವೆ. ಎಷ್ಟೋ ಜನ ತೆಗೆದಿರುತ್ತಾರೆ, ದಿನಾಂಕ ಬರೆದಿಟ್ಟವರು ಕಡಿಮೆ. ಒಂದು ಕ್ಲಬ್ ಇದ್ದು, ಸದಸ್ಯರು ವರ್ಷಕ್ಕೆರಡು ಸಲ ಅದೇ ಜಾಗದಲ್ಲಿ ನಿಂತು ಅದೇ ಮರ ತೆಗೆದಿಟ್ಟರೆ, ಮಠದವರೂ ಅರಣ್ಯ ಇಲಾಖೆಯವರೂ ಅವರನ್ನು ತಾವಾಗಿ ಕರೆದಾರು.

ದುಡ್ಡು ಕೊಡುವ ಮೊದಲು ಕೇಳಬೇಕಾದದ್ದು ಇಷ್ಟು. ಸಂಸ್ಥೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆಯೇ, ಸಂಖ್ಯೆ ಏನು? ಕೊನೆಯ ಸಭೆ ಯಾವಾಗ ನಡೆಯಿತು? ಲೆಕ್ಕಪತ್ರ ಸದಸ್ಯರಿಗೆ ತೋರಿಸುತ್ತಾರೆಯೇ? ನಿಮ್ಮ ಚಿತ್ರ ನೋಡದೆ ಬರೀ ಹಣ ಪಡೆದು ಕಾರ್ಡ್ ಕಳಿಸುವವರು ಮಾರುತ್ತಿರುವುದು ಪ್ಲಾಸ್ಟಿಕ್ಕು.

ಮೇಲಿನ ಪ್ರಶ್ನೆಗಳಿಗೆ ಉತ್ತರವಿರುವ ಕ್ಲಬ್ ಹತ್ತಿರದಲ್ಲಿಲ್ಲದಿದ್ದರೆ ಕಟ್ಟಿಕೊಳ್ಳಲು ಅದೇ ಕಾಯ್ದೆಯಡಿ ಏಳು ಜನ ಸಾಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಅಷ್ಟು ಕ್ಯಾಮೆರಾಗಳು ಭಾನುವಾರ ಬೆಳಿಗ್ಗೆ ಬಂಕಾಪುರದ ಕೋಟೆ ಬಾಗಿಲಿನಲ್ಲೇ ಸಿಕ್ಕಾವು. ಆ ಕ್ಲಬ್ಬಿನ ಕಾರ್ಡಿನ ಮೇಲೆ ಹೆಸರು, ಊರು, ರಕ್ತದ ಗುಂಪು, ಮನೆಯವರ ಫೋನ್ ನಂಬರ್, ಅವಧಿ ಮುಗಿಯುವ ದಿನಾಂಕ ಇರಲಿ. ಸಿಂಹಗಳು ಬೇಡ.